ಕಂಪನಿ ಅಕೌಂಟ್‌ನಿಂದಲೇ ವೆಬ್ ಲಾಗಿನ್: ನಾನು ಮಾಡಿದ್ದು ಹೀಗೆ

ನಮ್ಮ ಆಫೀಸಿನ ಒಳಗಿನ ಸೈಟಿಗೆ ಮೊದಲು ಇದ್ದದ್ದು ಬರೀ ಒಂದು ಪಾಸ್‌ವರ್ಡ್ ಫೈಲು. ಒಂದು ದಿನ ಅದನ್ನು ತೆರೆದು ಸಾಲುಸಾಲಾಗಿ ಓದಿದೆ. ಕೆಲಸ ಬಿಟ್ಟು ಹೋದವರ ಹೆಸರುಗಳು ಹಾಗೇ ಇದ್ದವು. ಭಯವಾಯಿತು. ಎಲ್ಲರಿಗೂ ಆಕ್ಟಿವ್ ಡೈರೆಕ್ಟರಿಯಲ್ಲಿ (ಕಂಪನಿಯ ಎಲ್ಲ ಅಕೌಂಟ್‌ಗಳನ್ನು ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಅಕೌಂಟ್ ಇದ್ದೇ ಇದೆ, ಅದನ್ನೇ ಕೇಳಿದರೆ ಆಯ್ತಲ್ವಾ ಅಂತ ಹೊರಟೆ.

ನಮ್ಮ ಸೈಟ್ ಓಡುವ ವೆಬ್ ಸರ್ವರ್ ಅಪಾಚೆ 2.4ರಲ್ಲಿ ಇದಕ್ಕೆ ಎಲ್‌ಡ್ಯಾಪ್ (ಡೈರೆಕ್ಟರಿ ಜೊತೆ ಮಾತಾಡುವ ಭಾಷೆ) ಮಾಡ್ಯೂಲ್ ಇದೆ. ಅದು ಮೊದಲು ಒಂದು ಸರ್ವಿಸ್ ಅಕೌಂಟ್‌ನಿಂದ ಡೈರೆಕ್ಟರಿಯೊಳಗೆ ಹೋಗಿ, ಲಾಗಿನ್ ಹೆಸರು ಹಿಡಿದು ಆ ವ್ಯಕ್ತಿಯ ಡಿಎನ್, ಅಂದರೆ ಡೈರೆಕ್ಟರಿಯೊಳಗಿನ ಪೂರ್ತಿ ಹೆಸರು, ಹುಡುಕುತ್ತದೆ. ಆಮೇಲೆ ಆ ಡಿಎನ್ ಮತ್ತು ಅವರು ಟೈಪ್ ಮಾಡಿದ ಪಾಸ್‌ವರ್ಡ್‌ನಿಂದ ಮತ್ತೆ ಬೈಂಡ್ ಆಗುತ್ತದೆ, ಅಂದರೆ ಡೈರೆಕ್ಟರಿಗೆ ಲಾಗಿನ್ ಆಗುತ್ತದೆ. ಆಯಿತೋ, ಒಳಗೆ. ಆಗಲಿಲ್ಲವೋ, 401, ಅಂದರೆ ಪ್ರವೇಶವಿಲ್ಲ.

ಅಪಾಚೆ ಮುಟ್ಟುವ ಮೊದಲು ಅದೇ ಸರ್ವರ್‌ನಿಂದ ಎಲ್‌ಡ್ಯಾಪ್‌ಸರ್ಚ್ (ಡೈರೆಕ್ಟರಿಯಲ್ಲಿ ಹುಡುಕುವ ಕಮಾಂಡ್) ಓಡಿಸಿ ನೋಡಿ. ನನಗೆ ಇದರಿಂದಲೇ ಅರ್ಧ ಕೆಲಸ ಮುಗಿಯಿತು. ಪಾಸ್‌ವರ್ಡ್ ಅಥವಾ ಅಕೌಂಟ್ ಕಾರಣಕ್ಕೆ ಬೈಂಡ್ ಸೋತರೆ ಎರರ್ ನಂಬರ್ 49 ಅಂತಲೇ ಬರುತ್ತದೆ. ನಿಜವಾದ ಕಾರಣ ಇರುವುದು ಪಕ್ಕದ ಸಣ್ಣ ಕೋಡ್‌ನಲ್ಲಿ: 52ಇ ಅಂದರೆ ಪಾಸ್‌ವರ್ಡ್ ತಪ್ಪು, 533 ಅಂದರೆ ಅಕೌಂಟ್ ನಿಲ್ಲಿಸಿದ್ದಾರೆ.

ಜಾಸ್ತಿ ಕಾಡಿದ್ದು ರೆಫರಲ್. ಹುಡುಕಾಟವನ್ನು ಡೊಮೇನ್‌ನ ಬುಡದಿಂದಲೇ ಶುರು ಮಾಡಿದ್ದೆ. ಆಗ ಡೈರೆಕ್ಟರಿ ‘ಅಲ್ಲೂ ನೋಡು, ಇಲ್ಲೂ ನೋಡು’ ಅಂತ ಬೇರೆ ವಿಳಾಸಗಳನ್ನು ಕೊಡುತ್ತದೆ. ಅಪಾಚೆ ಅವುಗಳ ಬೆನ್ನು ಹತ್ತಿತು. ಲಾಗ್ ತುಂಬ ಆಪರೇಷನ್ಸ್ ಎರರ್. ರೆಫರಲ್ ಆಫ್ ಮಾಡಿ, ನಮ್ಮವರೆಲ್ಲ ಇರುವ ಓಯು (ಡೈರೆಕ್ಟರಿಯೊಳಗಿನ ಒಂದು ವಿಭಾಗ) ಮಟ್ಟದಿಂದ ಹುಡುಕಿಸಿದ ಮೇಲೆ ಸರಿಹೋಯಿತು.

ಎಲ್‌ಡ್ಯಾಪ್‌ನ ಮಾಮೂಲಿ 389 ಪೋರ್ಟ್‌ನಲ್ಲಿ ಸುಮ್ನೆ ಬಿಟ್ಟರೆ ಪಾಸ್‌ವರ್ಡ್ ಬಿಚ್ಚಿದ ಹಾಗೇ ನೆಟ್‌ವರ್ಕ್‌ನಲ್ಲಿ ಓಡಾಡುತ್ತದೆ. ಹಾಗಾಗಿ ಗೂಢಲಿಪಿಯಲ್ಲಿ ಮಾತಾಡುವ 636 ಪೋರ್ಟ್, ಜೊತೆಗೆ ಡೈರೆಕ್ಟರಿ ಸರ್ವರ್ ಅಸಲಿಯೇ ಅಂತ ಪರೀಕ್ಷಿಸಲು ಕಂಪನಿಯ ರೂಟ್ ಸರ್ಟಿಫಿಕೇಟ್. ಬ್ರೌಸರ್ ಕಡೆಗೂ ಎಚ್‌ಟಿಟಿಪಿಎಸ್ ಬೇಕೇ ಬೇಕು. ಸರ್ಟಿಫಿಕೇಟ್ ಪರೀಕ್ಷೆ ತೆಗೆದುಬಿಟ್ಟರೆ ಬೇಗ ಕೆಲಸ ಆಗುತ್ತದೆ, ನಿಜ. ದಯವಿಟ್ಟು ಹಾಗೆ ಮಾಡಬೇಡಿ.

ಕೊನೆಗೆ ಒಂದು ಟೆಸ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ, ಡೈರೆಕ್ಟರಿಯಲ್ಲಿ ಅದನ್ನು ನಿಲ್ಲಿಸಿದೆ. ಪುಟ ರಿಫ್ರೆಶ್ ಮಾಡಿದೆ. ತೆರೆಯಿತು! ಮತ್ತೆ ಮಾಡಿದೆ, ಆಗಲೂ ತೆರೆಯಿತು. ಅಪಾಚೆ ಒಮ್ಮೆ ಒಪ್ಪಿದ ಲಾಗಿನ್ನನ್ನು 600 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಅದನ್ನು 60ಕ್ಕೆ ಇಳಿಸಿ ಮತ್ತೆ ಮೊದಲಿನಿಂದ ಪರೀಕ್ಷಿಸಿದೆ. ಒಂದು ನಿಮಿಷ ಕಳೆದ ಮೇಲೆ 401 ಬಂತು. ಆಮೇಲೆಯೇ ಆ ಹಳೇ ಪಾಸ್‌ವರ್ಡ್ ಫೈಲನ್ನು ಅಳಿಸಿದೆ.