ನೇಗಿಲು ಎಷ್ಟು ಆಳ ಹೋಗಬೇಕು? ನೊಗದ ಕಟ್ಟಿನಲ್ಲೇ ತೀರ್ಮಾನ

ಉಳುವಾಗ ಮೇಳಿಯ (ನೇಗಿಲ ಹಿಡಿಯ) ಮೇಲೆ ಮೈಭಾರ ಹಾಕಬೇಕಾಗಿ ಬಂದರೆ ಎಲ್ಲೋ ಕಟ್ಟು ತಪ್ಪಿದೆ ಎಂದೇ ತಿಳಿಯಿರಿ. ಸರಿಯಾಗಿ ಹೂಡಿದ ಮರದ ನೇಗಿಲು ತಾನಾಗಿಯೇ ಒಂದೇ ಆಳದಲ್ಲಿ ಸಾಗುತ್ತದೆ.

ಮೊದಲು ಮಣ್ಣಿನ ಹದ ನೋಡಿ. ನಾಲ್ಕು ಬೆರಳು ಕೆಳಗಿನ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಒಡೆದು ಉದುರಿದರೆ ಉಳಬಹುದು. ಚಪ್ಪಟೆಯಾಗಿ ಕೂತರೆ ಇನ್ನೂ ಹಸಿ. ಆಗ ಉತ್ತರೆ ಒಣಗಿದ ಮೇಲೆ ಕಲ್ಲಿನಂಥ ಹೆಂಟೆಗಳೇಳುತ್ತವೆ. ಜೇಡಿ ಮಣ್ಣು ಉಂಡೆಯೇ ಕಟ್ಟದಷ್ಟು ಒಣಗಿದ್ದರೆ ಮಳೆಗೆ ಕಾಯಿರಿ.

ಮಣ್ಣು ಸೀಳುವ ಕಬ್ಬಿಣದ ಪಟ್ಟಿಯಾದ ಗುಳದ ಮೊನೆ ಸವೆದಿದ್ದರೆ ಕುಲುಮೆಯಲ್ಲಿ ತಟ್ಟಿಸಿ. ಮೊಂಡು ಗುಳ ಮಣ್ಣಿಗಿಳಿಯದೆ ಮೇಲಕ್ಕೇ ಬರುತ್ತದೆ. ನೇಗಿಲಿನಿಂದ ನೊಗದವರೆಗೆ ಚಾಚಿದ ಉದ್ದನೆಯ ಮರವೇ ಈಸು; ಅದನ್ನು ನೇಗಿಲಿಗೆ ಬಿಗಿಯುವ ಬೆಣೆ ಅಲುಗಾಡುತ್ತಿದ್ದರೆ ಬಿಗಿ ಮಾಡಿ.

ಇನ್ನು ಮುಖ್ಯವಾದ ಕೆಲಸ, ಆಳ ಹೊಂದಿಸುವುದು. ನೊಗದ ಎತ್ತರ ಎತ್ತುಗಳ ಹೆಗಲಿಗೆ ತಕ್ಕಂತೆ ಇದ್ದೇ ಇರುತ್ತದೆ. ನಾವು ಬದಲಿಸಬಹುದಾದದ್ದು ಈಸಿನ ಮೇಲೆ ಮಿಣಿ (ನೊಗವನ್ನು ಈಸಿಗೆ ಬಿಗಿಯುವ ಹಗ್ಗ) ಕಟ್ಟುವ ಜಾಗ ಮಾತ್ರ. ನೊಗವನ್ನು ಈಸಿನ ತುದಿಯ ಕಡೆಗೆ ಸರಿಸಿ ಕಟ್ಟಿದರೆ ಈಸು ತಗ್ಗಿ, ಗುಳದ ಮೊನೆ ಕೆಳಮುಖವಾಗಿ ನೇಗಿಲು ಆಳಕ್ಕಿಳಿಯುತ್ತದೆ. ನೇಗಿಲಿನ ಕಡೆಗೆ ಸರಿಸಿದರೆ ಮೊನೆ ಎದ್ದು ಉಳುಮೆ ತೆಳುವಾಗುತ್ತದೆ. ಒಮ್ಮೆಗೆ ಎರಡು ಬೆರಳಿನಷ್ಟೇ ಸರಿಸಿ, ಹತ್ತು ಹೆಜ್ಜೆ ಉತ್ತು, ಸಾಲಿನಲ್ಲಿ ಕಡ್ಡಿ ಊರಿ ಅಳೆಯಿರಿ. ಮೊದಲ ಉಳುಮೆಗೆ 10 ಸೆಂ.ಮೀ. ಸಾಕು.

ಜೋಡಿಯಲ್ಲಿ ಒಂದು ಎತ್ತು ಬಲವಾಗಿದ್ದರೆ ನೊಗದ ನಡುವೆ ಈಸು ಕಟ್ಟುವ ನಡುಕಟ್ಟನ್ನು ಅದರ ಕಡೆಗೆ ಸ್ವಲ್ಪ ಸರಿಸಿ. ಭಾರದ ಹೆಚ್ಚಿನ ಪಾಲು ಅದಕ್ಕೇ ಬಿದ್ದು ಇನ್ನೊಂದು ಉಸಿರಾಡುತ್ತದೆ.

ಇಳಿಜಾರಿದ್ದರೆ ಅದಕ್ಕೆ ಅಡ್ಡಲಾಗಿಯೇ ಉಳುಮೆ ಮಾಡಿ, ಇಲ್ಲದಿದ್ದರೆ ಸಾಲೇ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ, ಹೀಗಾಗಿ ಎರಡು ಸಾಲಿನ ನಡುವೆ ಉಳದ ದಿಂಡು ಉಳಿಯುತ್ತದೆ. ಸಮತಟ್ಟು ಹೊಲದಲ್ಲಿ ಎರಡನೇ ಉಳುಮೆಯನ್ನು ಮೊದಲಿನದಕ್ಕೆ ಅಡ್ಡ ಹಾಕಿ. ಇಳಿಜಾರಿನಲ್ಲಿ ಹಳೆಯ ದಿಂಡಿನ ಮೇಲೆಯೇ ಸಾಲು ಹಿಡಿಯಿರಿ. ತಿರುವಿನಲ್ಲಿ ನೇಗಿಲನ್ನು ಎತ್ತಿ ತಿರುಗಿಸಿ. ಮಣ್ಣಿನಲ್ಲಿಟ್ಟೇ ಎಳೆದರೆ ಈಸು ಮುರಿಯುತ್ತದೆ.

ಎತ್ತಿನ ಶಕ್ತಿಗೂ ಲೆಕ್ಕವಿದೆ. ಗಂಟೆಗಟ್ಟಲೆ ತಾಳಿಕೊಳ್ಳುವ ಎಳೆತ ಅದರ ಮೈತೂಕದ ಸುಮಾರು ಹತ್ತನೇ ಒಂದು ಭಾಗ. ತಲಾ 350 ಕಿಲೋ ತೂಗುವ ಜೋಡಿಗೆ 70 ಕಿಲೋ. ಸಾಲಿನಿಂದ ಸಾಲಿಗೆ 20 ಸೆಂ.ಮೀ. ಬಿಟ್ಟು ಒಂದು ಎಕರೆ ಉಳಲು ಅವು ನಡೆಯುವುದು 20 ಕಿ.ಮೀ. ಅದನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ನಸುಕಿನಲ್ಲೇ ಹೂಡಿ, ಬಿಸಿಲೇರುವ ಮೊದಲು ಬಿಡಿ. ಬಾಯಿ ತೆರೆದು ನಾಲಿಗೆ ಚಾಚಿ ಏದುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕಟ್ಟಿ ನೀರು ಕುಡಿಸಿ.

ನೊಗ ಇಳಿಸಿದ ಮೇಲೆ ಹೆಗಲನ್ನು ಅಂಗೈಯಿಂದ ಸವರಿ ನೋಡಿ. ಬಿಸಿಯಾಗಿ ಊದಿದ್ದರೆ ಅಥವಾ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ, ನೊಗದ ಆ ಜಾಗ ಒರಟಾಗಿದೆ. ಅದನ್ನು ಉಜ್ಜಿ ನುಣುಪು ಮಾಡಿ. ಹೆಗಲು ಪೂರ್ತಿ ವಾಸಿಯಾಗುವವರೆಗೆ ಆ ಎತ್ತನ್ನು ಹೂಡಬೇಡಿ.