ವಿಲಂಬಿತ್ ಖಯಾಲಿಗೆ ಕಿವಿ ಹದಗೊಳಿಸಿಕೊಂಡದ್ದು: ನನ್ನ ಅನುಭವ

ಮೂವತ್ತು ವರ್ಷ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಬೆಳೆದ ನನಗೆ ಹಿಂದುಸ್ತಾನಿ ಸಂಗೀತದ ವಿಲಂಬಿತ್ ಖಯಾಲ್, ಅಂದರೆ ತೀರ ನಿಧಾನಗತಿಯ ಗಾಯನ, ಈ ಜನ್ಮದಲ್ಲಿ ಒಗ್ಗುವುದಿಲ್ಲವೆಂದು ಮೈಸೂರಿನ ಗೆಳೆಯರು ಖಂಡಿತವಾಗಿ ಹೇಳಿದ್ದರು. ಈಗ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಗಂಗೂಬಾಯಿ ಹಾನಗಲ್ ಅವರ ವಿಲಂಬಿತ್ ಏಕತಾಲವನ್ನು (ಹನ್ನೆರಡು ಮಾತ್ರೆಯ ತಾಳ) ಕೇಳುವಾಗ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬರುವ ಮುನ್ನವೇ ನನ್ನ ತಲೆ ತಾನಾಗಿ ತೂಗುತ್ತದೆ.

ಮೊದಲ ವರ್ಷ ಹಣವಷ್ಟೇ ಹೋಯಿತು. ಅಂಗಡಿಯವನ ಮಾತು ನಂಬಿ ಸುಮಾರು ಹದಿನೆಂಟು ಸಾವಿರಕ್ಕೆ ಸ್ಪೀಕರ್ ತಂದೆ. ಬೇಸರ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಕಛೇರಿ ಕೇಳಲು ಧಾರವಾಡಕ್ಕೆ ನಾಲ್ಕು ಬಾರಿ ಹೋಗಿಬಂದದ್ದಕ್ಕೆ ಹತ್ತು ಹನ್ನೆರಡು ಸಾವಿರವಾಗಿರಬೇಕು. ಎರಡು ಸಲ ಅರ್ಧಕ್ಕೇ ಎದ್ದು ಬಂದೆ.

ದೊಡ್ಡ ತಪ್ಪೆಂದರೆ ಪರಿಚಿತ ರಾಗದಿಂದ ಆರಂಭಿಸಿದ್ದು. ನಮ್ಮ ಮೋಹನ ರಾಗ ಗೊತ್ತಿರುವುದರಿಂದ ಅದೇ ಸ್ವರಗಳ ಹಿಂದುಸ್ತಾನಿ ರಾಗ ಭೂಪ್ ಸುಲಭವೆಂದುಕೊಂಡೆ. ಆದರೆ ಗಾಯಕರು ಗಾಂಧಾರದ ಮೇಲೆ ಅಲುಗದೆ ನಿಂತಾಗಲೆಲ್ಲ ನನ್ನ ಕಿವಿ ಗಮಕಕ್ಕೆ, ಅಂದರೆ ಸ್ವರದ ಓಲಾಟಕ್ಕೆ, ಕಾದು, ಸಿಗದೆ, ಸ್ವರ ಬೋಳೆಂದು ತೀರ್ಪು ಕೊಡುತ್ತಿತ್ತು. ಎರಡು ತಿಂಗಳು ಹೀಗೇ ಕಳೆದ ಮೇಲೆ ಲಲಿತ್ ರಾಗ ಹಿಡಿದೆ. ಎರಡು ಮಧ್ಯಮಗಳನ್ನು ಒಂದರ ಪಕ್ಕ ಒಂದಿಟ್ಟು ಹಾಡುವ, ಪಂಚಮವಿಲ್ಲದ ಆ ರಾಗ ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳಲ್ಲಿ (ಮೂಲರಾಗಗಳಲ್ಲಿ) ಎಲ್ಲಿಯೂ ಕೂರುವುದಿಲ್ಲ. ಹೋಲಿಕೆಗೆ ಏನೂ ಸಿಗದಿದ್ದಾಗಲೇ ನಾನು ನಿಜವಾಗಿ ಕೇಳತೊಡಗಿದೆ.

ಇನ್ನುಳಿದದ್ದು ತಾಳ ಹಾಕುವ ಕೈಯ ಚಟ. ಕಿರಾಣಾದವರ ವಿಲಂಬಿತ್‌ನಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅದನ್ನು ಬೆರಳಿನಲ್ಲಿ ಎಣಿಸುವವನಿಗೆ ಎಣಿಕೆಯೊಂದೇ ಉಳಿಯುತ್ತದೆ. ಹೀಗಾಗಿ ಬೆಳಗಿನ ಐದೂವರೆಗೆ ಬಿಸಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದೇ ಕುಳಿತು, ದಿನಕ್ಕೆ ಹನ್ನೆರಡು ನಿಮಿಷ, ಮೂರು ವಾರ ಒಂದೇ ಧ್ವನಿಮುದ್ರಣವನ್ನು ಕೇಳಿದೆ. ತಬಲಾದಲ್ಲಿ ‘ತಿರಕಿಟ’ ಆವರ್ತನಕ್ಕೆ ಎರಡು ಸಲ ಬರುತ್ತದೆ. ಎರಡನೆಯದು ಹತ್ತನೇ ಮಾತ್ರೆ; ಅಲ್ಲಿಂದ ‘ಧಿಂ’, ‘ನಾ’, ಆಮೇಲೆ ಸಮ್. ಗಾಯಕರು ಬಂದಿಶಿನ (ಹಾಡುವ ರಚನೆಯ) ಮುಖಡಾದತ್ತ, ಅಂದರೆ ಅದರ ಮೊದಲ ಸಾಲಿನತ್ತ, ತಿರುಗುವುದೂ ಅಲ್ಲೇ ಆಸುಪಾಸಿನಲ್ಲಿ. ಹದಿನೈದನೇ ದಿನವೋ ಏನೋ, ಸಮ್ ಬರುವ ಸುಳಿವು ತಾನಾಗಿ ಹೊಳೆಯಿತು.

ನಡುವೆ ಅದೇ ಧ್ವನಿಮುದ್ರಣವನ್ನು ಇಮ್ಮಡಿ ವೇಗದಲ್ಲಿ ಹಾಕಿ ನೋಡಿದ್ದೆ: ಠೇಕಾ (ತಬಲಾದ ಬೋಲುಗಳ ಸರಣಿ) ಸ್ಪಷ್ಟವಾಯಿತು, ರಾಗ ಸತ್ತುಹೋಯಿತು. ಮಲ್ಲಿಕಾರ್ಜುನ ಮನ್ಸೂರರ ಜೈಪುರ ಘರಾಣೆಯ ಹಾಡುಗಾರಿಕೆಗೆ ಈ ಕ್ರಮ ಸಾಲದು, ಅಲ್ಲಿ ನಡೆಯೇ ಬೇರೆ. ಅದಕ್ಕೆ ನಾನು ಕಂಡುಕೊಂಡ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅಂದು ಖಂಡಿತವಾಗಿ ಹೇಳಿದ ಗೆಳೆಯರಲ್ಲೊಬ್ಬರು ಕಳೆದ ವಾರದಿಂದ ಬೆಳಗ್ಗೆ ನಮ್ಮ ಮನೆಗೆ ಬರುತ್ತಿದ್ದಾರೆ, ಅವರಿಗೂ ಒಂದು ಲೋಟ ಕಾಫಿ ಕೊಟ್ಟು ಕೂರಿಸುತ್ತೇನೆ.