ಲೀಟರಿಗೆ ನಾಲ್ಕು ಕಿಲೋಮೀಟರು ಹೆಚ್ಚು ಓಡಿಸಿದ ಲೆಕ್ಕ

ಶಿವಮೊಗ್ಗದಲ್ಲಿ ನಾನು ಔಷಧ ಕಂಪನಿಯೊಂದರ ಪ್ರತಿನಿಧಿ, ಜನರ ಬಾಯಲ್ಲಿ ಮೆಡಿಕಲ್ ರೆಪ್. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಾಗರ, ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಹೆಬ್ರಿ. ಎಲ್ಲ ಸೇರಿ ತಿಂಗಳಿಗೆ 1800 ಕಿಲೋಮೀಟರಿನ ಆಸುಪಾಸು. ಕಂಪನಿಯವರು ಕಿಲೋಮೀಟರಿಗೆ ಇಷ್ಟು ಎಂದು ಲೆಕ್ಕ ಕಟ್ಟಿ ಕೊಡುತ್ತಾರೆ. ಕಾರು ಕಡಿಮೆ ಕುಡಿದರೆ ಉಳಿದದ್ದು ನನ್ನದು, ಹೆಚ್ಚು ಕುಡಿದರೆ ದಂಡವೂ ನನ್ನದೇ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಜುಗ್ಗ ಎಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಕಾರು ಹತ್ತು ವರ್ಷ ಹಳೆಯ ಆಲ್ಟೊ 800. ಲೀಟರಿಗೆ 17 ಕೊಡುತ್ತಿದ್ದದ್ದು ಈಗ 21 ಕೊಡುತ್ತಿದೆ. ತಿಂಗಳಿಗೆ ಇಪ್ಪತ್ತು ಲೀಟರ್ ಉಳಿಯಿತು, ಅಂದರೆ ಎರಡು ಸಾವಿರ ರೂಪಾಯಿಗೂ ಮೇಲೆ.

ನಿಮ್ಮ ಕಾರಿನ ಮೈಲೇಜು ಎಷ್ಟು ಎಂದು ಕೇಳಿದರೆ ಹೆಚ್ಚಿನವರು ಶೋರೂಮಿನಲ್ಲಿ ಕೇಳಿದ ಅಂಕಿಯನ್ನೇ ಒಪ್ಪಿಸುತ್ತಾರೆ. ಅದು ಪ್ರಯೋಗಾಲಯದ ರೋಲರಿನ ಮೇಲೆ ಚಕ್ರ ತಿರುಗಿಸಿ ಅಳೆದದ್ದು. ಅಲ್ಲಿ ಹಂಪೂ ಇಲ್ಲ, ರಸ್ತೆಗೆ ಅಡ್ಡ ಮಲಗಿದ ಎಮ್ಮೆಯೂ ಇಲ್ಲ. ನಿಮ್ಮ ಅಂಕಿಯನ್ನು ನೀವೇ ಕಂಡುಹಿಡಿಯಬೇಕು. ಅದಕ್ಕೆ ಬೇಕಾದದ್ದು ಒಂದು ಸಣ್ಣ ಪುಸ್ತಕ ಮತ್ತು ಪೆನ್ನು.

ಒಂದು ಬಂಕ್ ಗೊತ್ತುಮಾಡಿಕೊಳ್ಳಿ. ಟ್ಯಾಂಕ್ ತುಂಬಿಸಿ, ನಳಿಕೆ ಟಕ್ ಎಂದು ತಾನಾಗಿ ನಿಂತಾಗ ಸಾಕು ಎನ್ನಿ. ಬಂಕಿನ ಹುಡುಗ ಚಿಲ್ಲರೆ ಸರಿಹೊಂದಿಸಲು ಇನ್ನಷ್ಟು ಹಾಕಲು ನೋಡುತ್ತಾನೆ, ಬೇಡ ಎನ್ನಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕಿನಲ್ಲಿ, ಅದೇ ಟಕ್ ಎನ್ನುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ನನ್ನ ಪುಸ್ತಕದ ಮೊದಲ ಸಾಲು: 412 ಕಿ.ಮೀ., 23.7 ಲೀಟರ್, 17.4. ಒಂದು ಸಲದ ಅಂಕಿಯನ್ನು ನಂಬಬೇಡಿ, ಮೂರು ಟ್ಯಾಂಕಿನ ಕಿಲೋಮೀಟರುಗಳನ್ನೂ ಲೀಟರುಗಳನ್ನೂ ಕೂಡಿಸಿ ಭಾಗಿಸಿ. ಇನ್ನೂರು, ಮುನ್ನೂರು ರೂಪಾಯಿಗೆ ಹಾಕಿಸುತ್ತ ಓಡಿಸುವವರ ಕೈಗೆ ಈ ಲೆಕ್ಕ ಎಂದೂ ಸಿಗುವುದಿಲ್ಲ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗಾಳಿ ತುಂಬಿಸಿ, ಆಯಿಲ್ ಬದಲಿಸಿ, ಪ್ಲಗ್ ಹಾಕಿಸಿ ಎಲ್ಲ ಒಂದೇ ದಿನ ಮುಗಿಸಿದರೆ, ಉಪಕಾರ ಮಾಡಿದ್ದು ಯಾವುದು ಎಂದು ದೇವರಿಗೂ ತಿಳಿಯುವುದಿಲ್ಲ.

ಮೊದಲು ಚಕ್ರದ ಗಾಳಿ, ಏಕೆಂದರೆ ಅದಕ್ಕೆ ಖರ್ಚಿಲ್ಲ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲೋ, ಕಾರಿನ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. ಗಾಳಿ ಹಾಕುವವನ ಬಾಯಲ್ಲಿ ಎಲ್ಲ ಕಾರಿಗೂ ಒಂದೇ ಅಂಕಿ. ನಾನು ಸ್ವಂತದ್ದೊಂದು ಗೇಜ್ ಕೊಂಡು ಬೆಳಗ್ಗೆ ಅಂಗಳದಲ್ಲೇ ಅಳೆದಾಗ ಮುಂದಿನ ಎರಡೂ ಚಕ್ರಗಳಲ್ಲಿ ಗಾಳಿಯ ಒತ್ತಡ ಆರು ಪಿಎಸ್‌ಐ ಕಡಿಮೆ ಇತ್ತು. ಅಳೆಯುವುದು ತಣ್ಣಗಿರುವಾಗಲೇ. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಹೆಚ್ಚಿದೆಯಲ್ಲ ಎಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಬಿದ್ದಿರುತ್ತದೆ. ಹಾಗೆಂದು ಮೈಲೇಜಿನ ಆಸೆಗೆ ಚೀಟಿಯ ಅಂಕಿಯನ್ನು ಮೀರಬೇಡಿ. ನಮ್ಮ ಕಡೆಯ ಜೂನ್ ತಿಂಗಳ ರಸ್ತೆಯಲ್ಲಿ ಟೈರು ನೆಲ ಕಚ್ಚಿ ಹಿಡಿಯಬೇಕು. ಗಾಳಿಯಿಂದ ನನಗೆ ಸಿಕ್ಕಿದ್ದು ಲೀಟರಿಗೆ ಅರ್ಧ ಕಿಲೋಮೀಟರಿನಷ್ಟು. ಪುಕ್ಕಟೆ ಬಂದದ್ದು, ಬೇಡವೆನ್ನಲಿಲ್ಲ.

ನಿಜವಾದ ಕಳ್ಳ ಸಿಕ್ಕಿದ್ದು ಬೇರೆ ಕಡೆ. ಒಂದು ಸಂಜೆ ತೀರ್ಥಹಳ್ಳಿಯಿಂದ ಬಂದು ಕಾರು ನಿಲ್ಲಿಸಿ ಇಳಿದಾಗ ಹಿಂದಿನ ಎಡಚಕ್ರದ ಹತ್ತಿರ ಕಾದ ಕಬ್ಬಿಣದ ವಾಸನೆ. ಅಂಗೈಯನ್ನು ಒಂದಿಂಚು ದೂರ ಹಿಡಿದು ನೋಡಿದೆ. ಬಲಚಕ್ರ ಬೆಚ್ಚಗಿತ್ತು, ಎಡಚಕ್ರ ಒಲೆಯ ಬದಿಯಂತೆ ಸುಡುತ್ತಿತ್ತು. ಮರುದಿನ ಮೆಕ್ಯಾನಿಕ್ ಜಾಕ್ ಕೊಟ್ಟು ಚಕ್ರ ಎತ್ತಿ ಕೈಯಿಂದ ತಿರುಗಿಸಿದ. ಬಲಗಡೆಯದು ಮೂರು ಸುತ್ತು ಸುತ್ತಿ ನಿಂತಿತು. ಎಡಗಡೆಯದು ಸರ್ರ್ ಎಂದು ಉಜ್ಜಿಕೊಂಡು ಅರ್ಧ ಸುತ್ತಿಗೇ ನಿಂತಿತು. ಹ್ಯಾಂಡ್‌ಬ್ರೇಕಿನ ಕೇಬಲ್ಲಿಗೆ ಮಳೆಗಾಲದ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಅದು ಪೂರ್ತಿ ಸಡಿಲವಾಗುತ್ತಿರಲಿಲ್ಲ. ಎಷ್ಟು ತಿಂಗಳಿಂದಲೋ ನಾನು ಅರ್ಧ ಬ್ರೇಕ್ ಹಿಡಿದುಕೊಂಡೇ ಮಲೆನಾಡು ಸುತ್ತುತ್ತಿದ್ದೆ. ಕೇಬಲ್ಲು, ಕೂಲಿ ಸೇರಿ ಒಂಬೈನೂರು ರೂಪಾಯಿ. ಮುಂದಿನ ಮೂರು ಟ್ಯಾಂಕಿನ ಸರಾಸರಿ ಒಂದೂವರೆ ಕಿಲೋಮೀಟರ್ ಏರಿತು.

ಇದನ್ನು ನೀವೂ ನೋಡಿಕೊಳ್ಳಬಹುದು. ಬ್ರೇಕ್ ಹೆಚ್ಚು ಬಳಸದೆ ಬಂದ ದಿನ ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿದು ಎಡಬಲ ಹೋಲಿಸಿ. ಮುಟ್ಟಬೇಡಿ, ಡಿಸ್ಕ್ ಸುಟ್ಟರೆ ಬೊಬ್ಬೆ ಬರುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿಯಿರುವುದು ಸಹಜ, ಆದರೆ ಎಡಬಲಗಳ ನಡುವೆ ಅಂತರ ಇರಬಾರದು. ಮಳೆಗಾಲದಲ್ಲಿ ನಾನೀಗ ರಾತ್ರಿ ಸಮತಟ್ಟಾದ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಮೊದಲ ಗೇರಿಗೆ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸುವವರು ಈ ಉಪಾಯಕ್ಕೆ ಹೋಗಬೇಡಿ.

ಉಳಿದ ಎರಡು ಕಿಲೋಮೀಟರು ಬಂದದ್ದು ನನ್ನ ಬಲಗಾಲಿನಿಂದ. ಪೆಟ್ರೋಲ್ ಉರಿಸಿ ಕಾರಿಗೆ ವೇಗ ಕೊಡುತ್ತೇವೆ, ಬ್ರೇಕ್ ಒತ್ತಿ ಆ ವೇಗವನ್ನು ಬಿಸಿಯಾಗಿ ಗಾಳಿಗೆ ಬಿಡುತ್ತೇವೆ. ಅಂದರೆ ಬ್ರೇಕ್ ಒತ್ತಿದಾಗಲೆಲ್ಲ ಮೊದಲೇ ದುಡ್ಡು ಕೊಟ್ಟು ಕೊಂಡದ್ದನ್ನು ಎಸೆದಂತೆ. ಇದನ್ನು ನನಗೆ ಕಲಿಸಿದ್ದು ಡಿಕ್ಕಿಯಲ್ಲಿದ್ದ ಕೆಮ್ಮಿನ ಸಿರಪ್ಪಿನ ಪೆಟ್ಟಿಗೆ. ಅರ್ಧ ಖಾಲಿಯಾದ ಪೆಟ್ಟಿಗೆಯಲ್ಲಿ ಬಾಟಲಿಗಳು ಸಡಿಲವಾಗಿದ್ದವು. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಟಣ್, ರಪ್ಪನೆ ಎಕ್ಸಲರೇಟರ್ ಒತ್ತಿದರೆ ಮತ್ತೆ ಟಣ್. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರು, ಒಂದು ದಿನ ಎಣಿಸಿದೆ: ಎಪ್ಪತ್ತಕ್ಕೂ ಹೆಚ್ಚು ಟಣ್. ಬಾಟಲಿಗಳನ್ನು ಮಾತನಾಡಿಸದೆ ತೀರ್ಥಹಳ್ಳಿ ಮುಟ್ಟುವುದು ಅಂದಿನಿಂದ ನನ್ನ ಆಟವಾಯಿತು.

ಆಟದ ಗುಟ್ಟು ಕಾಲಿಗಿಂತ ಕಣ್ಣಿನಲ್ಲಿದೆ. ನೋಟ ಮುಂದಿನ ವಾಹನದ ಹಿಂಭಾಗಕ್ಕೆ ಅಂಟಿಕೊಂಡಿರಬಾರದು, ಅದರಾಚೆಯ ರಸ್ತೆಯ ಮೇಲಿರಬೇಕು. ಮಂಡಗದ್ದೆಯ ಹತ್ತಿರ ಹಂಪ್ ಬರುತ್ತದೆ ಎಂದು ಗೊತ್ತಿದ್ದರೆ ನೂರೈವತ್ತು ಮೀಟರ್ ಮೊದಲೇ ಎಕ್ಸಲರೇಟರಿನಿಂದ ಕಾಲು ತೆಗೆಯಿರಿ, ಗೇರಿನಲ್ಲೇ ಇರಲಿ. ಕಾರು ತಾನಾಗಿ ನಿಧಾನವಾಗಿ, ಹಂಪಿನ ಬುಡಕ್ಕೆ ಬರುವಷ್ಟರಲ್ಲಿ ಬ್ರೇಕಿಗೆ ಕೆಲಸವೇ ಉಳಿದಿರುವುದಿಲ್ಲ. ಊರೂರಿಗೆ ನಿಲ್ಲುವ ಖಾಸಗಿ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಅದರ ಬಾಲ ಹಿಡಿಯಬೇಡಿ, ನಾಲ್ಕೈದು ಕಾರಿನಷ್ಟು ಅಂತರ ಬಿಡಿ. ಅದು ನಿಂತು, ಜನ ಇಳಿದು, ಮತ್ತೆ ಹೊರಡುವಷ್ಟರಲ್ಲಿ ನೀವು ನಿಲ್ಲದೆ ಮೂರನೇ ಗೇರಿನಲ್ಲೇ ತಲುಪಿರುತ್ತೀರಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಅವನಿಗೆ ದಾರಿ ಕೊಡಿ, ಮುಂದಿನ ಹಂಪಿನಲ್ಲಿ ಸಿಗುತ್ತಾನೆ.

ನನ್ನ ಕಾರಿನಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮೀಟರ್ ಇಲ್ಲ, ಕಿವಿಯೇ ಮೀಟರ್. ಸಮರಸ್ತೆಯಲ್ಲಿ ವೇಗ 20ಕ್ಕೆ ಬಂದಾಗ ಎರಡನೆಯ ಗೇರ್, 30ಕ್ಕೆ ಮೂರು, 45ರ ಒಳಗೆ ನಾಲ್ಕು, 55 ದಾಟಿದರೆ ಐದು. ಎಂಜಿನ್ ಕಿರುಚಿದರೆ ಗೇರ್ ಏರಿಸುವುದು ತಡವಾಯಿತು, ಗುಡುಗುಡು ನಡುಗಿದರೆ ಬೇಗವಾಯಿತು. ಏರಿನಲ್ಲಿ ನಡುಗುವ ಎಂಜಿನ್ನಿಗೆ ಮೇಲಿನ ಗೇರಿನಲ್ಲೇ ಎಕ್ಸಲರೇಟರ್ ತುಳಿದರೆ ಉಳಿತಾಯವಾಗುವುದಿಲ್ಲ, ಎಂಜಿನ್ನಿಗೆ ಕೇಡು ಅಷ್ಟೆ.

ವೇಗದ ಲೆಕ್ಕ ಸರಳ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಾನು ಖಾಲಿ ರಸ್ತೆಯಲ್ಲಿ 85ಕ್ಕೆ ಹೋಗುತ್ತಿದ್ದವನು 65ಕ್ಕೆ ಇಳಿದೆ. ತೀರ್ಥಹಳ್ಳಿಗೆ ಏಳು ನಿಮಿಷ ತಡ. ಡಾಕ್ಟರರ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂರುವವನಿಗೆ ಏಳು ನಿಮಿಷ ಯಾವ ಲೆಕ್ಕ?

ಈಗ ಘಾಟಿಯ ವಿಚಾರ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಆ ಮಾತಿಗೆ ಏನಾದರೂ ಅರ್ಥವಿದ್ದಿರಬಹುದು. ಇಂದಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಲೆಕ್ಕ ತಲೆಕೆಳಗು. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಕಾರಿನ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಮುಚ್ಚಿಬಿಡುತ್ತದೆ, ಒಂದು ಹನಿಯೂ ಒಳಗೆ ಹೋಗುವುದಿಲ್ಲ. ನ್ಯೂಟ್ರಲಿನಲ್ಲಾದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಹರಿಯುತ್ತಲೇ ಇರಬೇಕು. ಜೊತೆಗೆ ಕಾರಿನ ಪೂರ್ತಿ ಭಾರ ಬ್ರೇಕಿನ ಮೇಲೆ. ರಜೆಯ ದಿನಗಳಲ್ಲಿ ಸೋಮೇಶ್ವರದಲ್ಲಿ ನಿಂತು ನೋಡಿ, ಚಕ್ರದಿಂದ ಹೊಗೆಯಾಡುವ ಒಂದಾದರೂ ಕಾರು ಸಿಗುತ್ತದೆ. ಎಂಜಿನ್ನನ್ನೇ ಆರಿಸಿ ಇಳಿಯುವ ಮಹಾನುಭಾವರೂ ಇದ್ದಾರೆ. ಆಗ ಎಂಜಿನ್ನಿನಿಂದ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಎರಡು ಮೂರು ಒತ್ತಿಗೆ ಮುಗಿದು ಪೆಡಲ್ ಕಲ್ಲಾಗುತ್ತದೆ, ಕೀ ತಪ್ಪಿ ತೆಗೆದರೆ ಸ್ಟೇರಿಂಗ್ ಬೀಗ ಬೀಳುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಗೆ ನನ್ನದು ಎರಡನೆಯ ಗೇರ್.

ಮಿಕ್ಕವನ್ನು ಬೇಗ ಹೇಳುತ್ತೇನೆ. ರೈಲ್ವೆ ಗೇಟಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸಿ. ಬೆಳಗ್ಗೆ ಐದು ನಿಮಿಷ ನಿಲ್ಲಿಸಿಕೊಂಡು ಬಿಸಿ ಮಾಡಬೇಕಾಗಿಲ್ಲ, ಹೊರಟು ಮೊದಲ ಎರಡು ಕಿಲೋಮೀಟರು ಮೆಲ್ಲಗೆ ಹೋದರೆ ಸಾಕು. ಎಸಿಯನ್ನು ಊರೊಳಗೆ ಆರಿಸಿ ಕಿಟಕಿ ಇಳಿಸುತ್ತೇನೆ, ಹೆದ್ದಾರಿಯ ವೇಗದಲ್ಲಿ ಕಿಟಕಿ ಏರಿಸುತ್ತೇನೆ. ಮಳೆಯಲ್ಲಿ ಗಾಜಿಗೆ ಆವಿ ಕಟ್ಟಿದರೆ ಎಸಿ ಹಾಕಲೇಬೇಕು, ಅಲ್ಲಿ ಜುಗ್ಗತನ ಕೂಡದು. ಡಿಕ್ಕಿಯಲ್ಲಿದ್ದ ಹಳೆಯ ಕ್ಯಾಲೆಂಡರು, ಕರಪತ್ರದ ಕಟ್ಟುಗಳನ್ನು ಪರಿಚಯದ ಅಡಿಕೆ ಮಂಡಿಯ ತಕ್ಕಡಿಗೆ ಹಾಕಿದೆ: 38 ಕಿಲೋ. ತೆಗೆದ ಮೇಲೆ ಪುಸ್ತಕದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ, ಕಾರು ಚೊಕ್ಕಟವಾಯಿತು. ಚಾವಣಿಯ ಮೇಲಿನ ಕ್ಯಾರಿಯರ್ ಮಾತ್ರ ಬೇಡದಿದ್ದಾಗ ಬಿಚ್ಚಿಡಿ, ಅದು ಗಾಳಿಗೆ ಅಡ್ಡ ನಿಲ್ಲುತ್ತದೆ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಬರೆದ ದರ್ಜೆಯದೇ ಇರಲಿ. ದಪ್ಪ ಆಯಿಲ್ ಒಳ್ಳೆಯದು ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತವೊಂದನ್ನು ನಾನೂ ಕೊಂಡಿದ್ದೆ, ಸಾವಿರದ ಇನ್ನೂರು ರೂಪಾಯಿ. ಮೂರು ಟ್ಯಾಂಕಿನ ನಂತರ ಪುಸ್ತಕದಲ್ಲಿ ಅದೇ ಅಂಕಿ. ಈಗ ಅದು ಫ್ರಿಜ್ಜಿನ ಬಾಗಿಲಿಗೆ ಹಾಲಿನ ಚೀಟಿ ಅಂಟಿಸಲು ಒದಗುತ್ತಿದೆ.

ಎಲ್ಲ ಸರಿ ಮಾಡಿದ ಮೇಲೂ ಅಂಕಿ ತುಸು ಜಾರಿದರೆ ಮೆಕ್ಯಾನಿಕ್ಕನ್ನು ಬೈಯುವ ಮುನ್ನ ಇದೊಂದು ನೆನಪಿರಲಿ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನದಕ್ಕಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು, ದ್ವಿಚಕ್ರಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇದಕ್ಕೆ ನಮ್ಮ ಕೈಯಲ್ಲಿ ಮದ್ದಿಲ್ಲ. ಹೋಲಿಕೆಗೆ ಐದು ವರ್ಷದ ಹಿಂದಿನ ಅಂಕಿ ಬೇಡ, ಹೋದ ತಿಂಗಳಿನದು ಸಾಕು.

ಎರಡು ಕಿಲೋಮೀಟರ್ ದೂರದ ಮಾರುಕಟ್ಟೆಗೆ ಕಾರು ತೆಗೆಯುವುದನ್ನು ನಿಲ್ಲಿಸಿದ್ದೇನೆ. ತಣ್ಣನೆಯ ಎಂಜಿನ್ ಹೆಚ್ಚು ಕುಡಿಯುತ್ತದೆ, ಅದು ಬಿಸಿಯಾಗುವಷ್ಟರಲ್ಲಿ ಮಾರುಕಟ್ಟೆಯೇ ಬಂದಿರುತ್ತದೆ. ಅದಕ್ಕೆ ಹೆಂಡತಿಯ ಸ್ಕೂಟರಿದೆ. ಅದರ ಹಿಂದಿನ ಬ್ರೇಕಿನ ನಟ್ಟನ್ನು ಯಾರೋ ಅತಿಯಾಗಿ ಬಿಗಿದಿದ್ದರು. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದಾಗ ಅದೇ ಸರ್ರ್ ಸದ್ದು. ಚಕ್ರ ಸಲೀಸಾಗಿ ತಿರುಗುವವರೆಗೆ ನಟ್ಟನ್ನು ಸಡಿಲಿಸಿ, ಲಿವರ್ ಹಿಡಿದು ಬ್ರೇಕ್ ಗಟ್ಟಿಯಾಗಿ ಕಚ್ಚುತ್ತದೆಯೇ ಎಂದು ನೋಡಿ ಕೊಟ್ಟೆ. ಬೈಕಿನವರು ಇದರ ಜೊತೆಗೆ ಚೈನಿಗೆ ಎಣ್ಣೆ ಬಿಡಿ, ಕ್ಲಚ್ ಲಿವರಿನ ಮೇಲೆ ಬೆರಳಿಟ್ಟುಕೊಂಡು ಓಡಿಸುವುದನ್ನು ಬಿಡಿ. ಸ್ಕೂಟರಿನ ಲೆಕ್ಕ ಹೆಂಡತಿಯೇ ಬರೆಯುತ್ತಾಳೆ, ನನ್ನ ಪುಸ್ತಕದ ಕೊನೆಯ ಪುಟದಿಂದ ಹಿಂದಕ್ಕೆ. ಈ ತಿಂಗಳು ಅವಳದು 48.